ಸಿಕ್ಲಿಡ್‌ಗಳ ಜಗಳ: ದೊಡ್ಡ ಟ್ಯಾಂಕೋ, ಜಾಸ್ತಿ ಮೀನೋ, ನಡುವೆ ಗೋಡೆಯೋ?

ಬೆಳಿಗ್ಗೆ ಲೈಟ್ ಹಾಕಿದರೆ ಒಂದು ಮೀನು ಹೀಟರ್ ಹಿಂದೆ, ನೀರಿನ ಮೇಲ್ಗಡೆ ಮೂಲೆಯಲ್ಲಿ ಅಲುಗಾಡದೆ ನಿಂತಿರುತ್ತದೆ. ಬಾಲದ ಅಂಚು ಹರಿದು ದಾರದ ಎಳೆಗಳ ಹಾಗೆ ಜೋಲುತ್ತಿರುತ್ತದೆ. ಬಣ್ಣ ಮಾಸಿರುತ್ತದೆ. ಊಟ ಹಾಕಿದರೂ ಕೆಳಗೆ ಬರುವುದಿಲ್ಲ. ಅದೇ ಹೊತ್ತಿಗೆ ಟ್ಯಾಂಕಿನ ನಡುಮಧ್ಯೆ ಇನ್ನೊಂದು ಮೀನು ಮೈತುಂಬ ಬಣ್ಣ ಏರಿಸಿಕೊಂಡು, ಮದುವೆ ಮನೆಯ ಯಜಮಾನನ ಹಾಗೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಸಿಕ್ಲಿಡ್ ಎಂಬ ಜಗಳಗಂಟ ಅಕ್ವೇರಿಯಂ ಮೀನು ಸಾಕಿದವರಿಗೆ ಇದೇನೂ ಹೊಸ ದೃಶ್ಯವಲ್ಲ.

ಆಗ ಯಾರನ್ನು ಕೇಳಿದರೂ ಒಂದೊಂದು ದಾರಿ ಹೇಳುತ್ತಾರೆ. ದೊಡ್ಡ ಟ್ಯಾಂಕ್ ತಗೊಳ್ಳಿ. ಇನ್ನೂ ಹತ್ತು ಮೀನು ಬಿಡಿ. ಕಲ್ಲು ಜಾಗ ಬದಲಿಸಿ. ನಡುವೆ ಡಿವೈಡರ್, ಅಂದರೆ ಅಡ್ಡಗೋಡೆ ಹಾಕಿ. ಪುಂಡ ಮೀನನ್ನು ಯಾರಿಗಾದರೂ ಕೊಟ್ಟುಬಿಡಿ. ಇವೆಲ್ಲ ಎಲ್ಲೋ ಒಂದು ಟ್ಯಾಂಕಿನಲ್ಲಿ ಕೆಲಸ ಮಾಡಿದ ಉಪಾಯಗಳೇ. ತೊಂದರೆ ಏನೆಂದರೆ, ಒಂದು ಜಾತಿಯನ್ನು ತಣ್ಣಗಾಗಿಸುವ ಉಪಾಯ ಇನ್ನೊಂದು ಜಾತಿಯಲ್ಲಿ ಹೆಣ ಬೀಳಿಸುತ್ತದೆ.

ನಾನು ಇದನ್ನು ಕಲಿತದ್ದು ಕನ್ವಿಕ್ಟ್ ಎಂಬ ಸಿಕ್ಲಿಡ್ ಜಾತಿಯ ಒಂದು ಜೋಡಿಯಿಂದ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಸಾಕುವ ಗೆಳೆಯನೊಬ್ಬ 'ಜಾಸ್ತಿ ಮೀನು ಬಿಡು, ಜಗಳ ಹಂಚಿಹೋಗುತ್ತದೆ' ಅಂದಿದ್ದ. ಅವನ ಟ್ಯಾಂಕಿನಲ್ಲಿ ಅದು ನಿಜವೇ ಆಗಿತ್ತು. ನಾನು ಆರು ಮೀನು ತಂದು ಬಿಟ್ಟೆ. ಮೂರನೇ ದಿನ ಆರೂ ಮೀನು ಫಿಲ್ಟರ್ ಪೈಪಿನ ಪಕ್ಕ ಅಂಗೈ ಅಗಲದ ಜಾಗದಲ್ಲಿ ಒಂದರ ಮೇಲೊಂದು ನಿಂತಿದ್ದವು. ಉಳಿದ ಮೂರಡಿ ಟ್ಯಾಂಕ್ ಪೂರ್ತಿ ಆ ಜೋಡಿಯದು. ಒಂದು ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇತ್ತು. ಅದನ್ನು ನಾನು ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ.

ಮೊದಲು ಇಪ್ಪತ್ತು ನಿಮಿಷ ಸುಮ್ನೆ ಕೂತು ನೋಡಿ

ದುಡ್ಡು ಖರ್ಚು ಮಾಡುವ ಮುಂಚೆ ಟ್ಯಾಂಕಿನಿಂದ ನಾಲ್ಕೈದು ಅಡಿ ದೂರ ಕೂತುಕೊಳ್ಳಿ. ಹತ್ತಿರ ಹೋದರೆ ಮೀನುಗಳು ಜಗಳ ಬಿಟ್ಟು ಊಟಕ್ಕೆ ನಿಮ್ಮ ಕಡೆ ಬರುತ್ತವೆ. ನೋಡಬೇಕಾದ್ದು ಯಾರು ಹೊಡೆಯುತ್ತಾರೆ ಅನ್ನುವುದಕ್ಕಿಂತ, ಹೊಡೆದ ಮೇಲೆ ಎಲ್ಲಿಗೆ ವಾಪಸ್ ಹೋಗುತ್ತಾರೆ ಅನ್ನುವುದನ್ನು.

ಅಟ್ಟಿಸಿಕೊಂಡು ಹೋದ ಮೀನು ಪ್ರತಿ ಸಲ ಅದೇ ಕಲ್ಲಿನ ಹತ್ತಿರ ತಿರುಗಿ ಬಂದರೆ ಅದು ಜಾಗದ ಜಗಳ. ಎರಡು ಮೀನು ಸೇರಿ ಒಂದು ಕಲ್ಲನ್ನೋ ಗುಂಡಿಯನ್ನೋ ಕಾಯುತ್ತಿದ್ದರೆ ಮೊಟ್ಟೆ ಇದೆ, ಇಲ್ಲವೇ ನಾಳೆ ಬರುತ್ತದೆ. ಒಂದೇ ಒಂದು ಮೀನನ್ನು ಗುರಿ ಇಟ್ಟು, ಟ್ಯಾಂಕಿನ ಯಾವ ಮೂಲೆಗೆ ಹೋದರೂ ಬಿಡದೆ ಓಡಿಸುತ್ತಿದ್ದರೆ ಅದು ಇನ್ನೊಂದು ಗಂಡಿನ ಮೇಲಿನ ಸಿಟ್ಟು, ಅಥವಾ ಇನ್ನೂ ಮೊಟ್ಟೆ ಇಡಲು ತಯಾರಿಲ್ಲದ ಹೆಣ್ಣಿನ ಬೆನ್ನುಬಿದ್ದಿರುವುದು. ಎದುರುಬದುರು ನಿಂತು ಕಿವಿರು ಅಗಲಿಸಿ, ಬಾಲದಿಂದ ನೀರು ತಳ್ಳಿ, ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಡುವುದು ನೋಡಲು ಭಯಂಕರ. ಆದರೆ ಅದು ಸಮಬಲರ ಅಳತೆ ನೋಡುವ ಆಟ, ಬಹಳ ಸಲ ಗಾಯವಿಲ್ಲದೆ ಮುಗಿಯುತ್ತದೆ. ನನಗೆ ಹೆದರಿಕೆ ಆಗುವುದು ಸದ್ದಿಲ್ಲದ ಜಗಳಕ್ಕೆ. ಒಬ್ಬ ಸ್ವಲ್ಪ ತಿರುಗಿದರೆ ಸಾಕು, ಇನ್ನೊಬ್ಬ ಮೂಲೆಗೆ ಸರಿಯುತ್ತಾನೆ ಅಂದರೆ ಅಲ್ಲಿ ಹೊಡೆತ ಆಗಲೇ ಮುಗಿದಿದೆ, ಸೋತವನು ದಿನಾ ಸಾಯುತ್ತಿದ್ದಾನೆ.

ಎಂಬೂನಾ ಇದ್ದರೆ: ಜಾಸ್ತಿ ಮೀನು, ಜಾಸ್ತಿ ಹೆಣ್ಣು, ಅಥವಾ ಬರೀ ಗಂಡು

ಮಲಾವಿ ಸರೋವರದ ಬಂಡೆಗಳಲ್ಲಿ ಇರುವ ಎಂಬೂನಾ ಮೀನುಗಳು ಪಾಚಿ ಕೆರೆದು ತಿನ್ನುವ ಜಾತಿ. ಅಲ್ಲಿ ಒಂದು ಬಂಡೆಯ ಸುತ್ತ ನೂರಾರು ಮೀನು ಒತ್ತಾಗಿ ಇರುತ್ತವೆ. ಗಂಡು ತನ್ನ ಪುಟ್ಟ ಜಾಗ ಕಾಯುತ್ತದೆ. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಂಡು ಸುಮಾರು ಮೂರು ವಾರ ಓಡಾಡುತ್ತದೆ. ಇಲ್ಲಿ ಜೋಡಿ ಸಂಸಾರ ಇಲ್ಲ, ಮರಿ ಕಾಯುವ ಅಪ್ಪ ಇಲ್ಲ. ಹಾಗಾಗಿಯೇ ಈ ಮೀನುಗಳಲ್ಲಿ 'ತುಂಬಿಸುವ' ಉಪಾಯ ಕೆಲಸ ಮಾಡುತ್ತದೆ. ಯಾರನ್ನು ಓಡಿಸಬೇಕು ಅಂತ ಗಂಡಿಗೆ ಗೊತ್ತಾಗುವುದಿಲ್ಲ. ಒಬ್ಬನ ಹಿಂದೆ ಎರಡು ಅಡಿ ಹೋಗುವಷ್ಟರಲ್ಲಿ ಇನ್ನೊಬ್ಬ ಅವನ ಗುಹೆಯ ಮುಂದೆ ನಿಂತಿರುತ್ತಾನೆ. ಏಟು ಹಂಚಿಹೋಗುತ್ತದೆ.

ಆದರೆ ಇದನ್ನು ಮಾಡುವುದಾದರೆ ಪೂರ್ತಿ ಮಾಡಬೇಕು. ನಾಲ್ಕಡಿ ಉದ್ದದ, 300 ಲೀಟರ್ ಹತ್ತಿರದ ಟ್ಯಾಂಕಿನಲ್ಲಿ 20ರಿಂದ 25 ಮೀನು ಅಂದರೆ ತುಂಬಿಸುವುದು. ಅದೇ ಟ್ಯಾಂಕಿನಲ್ಲಿ ಏಳೆಂಟು ಮೀನು ಅಂದರೆ ಎಲ್ಲಕ್ಕಿಂತ ಕೆಟ್ಟ ಲೆಕ್ಕ. ಜಾಗ ಹಂಚಿಕೊಳ್ಳುವಷ್ಟು ಖಾಲಿಯೂ ಅಲ್ಲ, ಏಟು ಹಂಚಿಹೋಗುವಷ್ಟು ಒತ್ತೂ ಅಲ್ಲ. 'ಪಾಪ, ಮೀನಿಗೆ ಜಾಗ ಇರಲಿ' ಅಂತ ಎಂಟು ಬಿಟ್ಟು, ತಿಂಗಳ ಕೊನೆಗೆ ಎರಡು ಉಳಿದ ಟ್ಯಾಂಕುಗಳನ್ನು ನಾನು ಕಂಡಿದ್ದೇನೆ. ಡೆಮಸೋನಿ ಎಂಬ ಪುಟ್ಟ ನೀಲಿ ಪಟ್ಟೆಯ ಮೀನಿಗಂತೂ ಹನ್ನೆರಡಕ್ಕಿಂತ ಕಡಿಮೆ ಸಾಕುವ ಮಾತೇ ಬೇಡ. ತನ್ನ ಥರವೇ ಕಾಣುವವರ ಮೇಲೆ ಅದಕ್ಕೆ ಅಷ್ಟು ಹಗೆ.

ಇದಕ್ಕೆ ಕೊಡಬೇಕಾದ ಬೆಲೆ ನೀರಿನಲ್ಲಿ. ಮೀನು ಜಾಸ್ತಿ ಆದಷ್ಟು ಗಲೀಜು ಜಾಸ್ತಿ, ಆಕ್ಸಿಜನ್ ಖರ್ಚು ಜಾಸ್ತಿ. ದೊಡ್ಡ ಫಿಲ್ಟರ್ ಬೇಕು. ಗಂಟೆಗೆ ಟ್ಯಾಂಕಿನ ನೀರನ್ನು ಎಂಟು ಹತ್ತು ಸಲ ತಿರುಗಿಸುವಂಥದ್ದು ಆದರೆ ನೆಮ್ಮದಿ. ವಾರಕ್ಕೊಮ್ಮೆ ಅರ್ಧದಷ್ಟು ನೀರು ಬದಲಿಸಬೇಕು. ಕರೆಂಟು ಹೋದರೆ ಖಾಲಿ ಟ್ಯಾಂಕಿಗಿಂತ ತುಂಬಿದ ಟ್ಯಾಂಕು ಬೇಗ ಉಸಿರುಗಟ್ಟುತ್ತದೆ. ಬಕೆಟ್ ಹೊರಲು ಆಗದವರು, ವಾರದ ಕೆಲಸ ಎರಡು ವಾರಕ್ಕೆ ತಳ್ಳುವವರು ಈ ದಾರಿ ಹಿಡಿಯಬಾರದು.

ಹಾಗಾದರೆ ಅವರಿಗೇನು? ಗಂಡು ಹೆಣ್ಣಿನ ಲೆಕ್ಕ ಸರಿ ಮಾಡುವುದು. ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ. ಒಂದೇ ಹೆಣ್ಣಿದ್ದರೆ ಗಂಡು ಅದನ್ನು ಓಡಿಸಿ ಓಡಿಸಿಯೇ ಮುಗಿಸುತ್ತದೆ. ಕಷ್ಟ ಏನೆಂದರೆ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಬಹಳ ಜಾತಿಗಳಲ್ಲಿ ಆಗುವುದಿಲ್ಲ. ಕೆನ್ಯಿ ಎಂಬ ಎಂಬೂನಾದಲ್ಲಿ ದೊಡ್ಡದಾದ ಮೇಲೆ ಗಂಡು ಹಳದಿ, ಹೆಣ್ಣು ನೀಲಿ, ಕಣ್ಣು ಮುಚ್ಚಿಕೊಂಡು ಹೇಳಬಹುದು. ಯೆಲ್ಲೋ ಲ್ಯಾಬಿನಲ್ಲಿ ಎರಡೂ ಹಳದಿ. ಹಾಗಾಗಿ ಎಂಟು ಹತ್ತು ಮರಿ ತಂದು ಬೆಳೆಸಿ, ಜಾಸ್ತಿಯಾದ ಗಂಡುಗಳನ್ನು ತೆಗೆಯುವುದು ರೂಢಿ. ಅದಕ್ಕೆ ತಾಳ್ಮೆ ಬೇಕು, ತೆಗೆದ ಗಂಡುಗಳಿಗೆ ಒಂದು ಮನೆಯೂ ಬೇಕು.

ಮೂರನೆಯದು ಬರೀ ಗಂಡುಗಳ ಟ್ಯಾಂಕ್. ಮಲಾವಿಯ ಬಣ್ಣಗಳೆಲ್ಲ ಗಂಡುಗಳಲ್ಲೇ ಜಾಸ್ತಿ, ಹಾಗಾಗಿ ನೋಡಲು ಇದಕ್ಕೆ ಸಮ ಇಲ್ಲ. ಎರಡು ಮೀನು ಒಂದೇ ಥರ ಕಾಣಬಾರದು. ನೀಲಿ ಪಟ್ಟೆಯದು ಒಂದು, ಹಳದಿ ಒಂದು, ಕೆಂಪು ಒಂದು. ಬಣ್ಣ, ಪಟ್ಟೆ, ಮೈಕಟ್ಟು ಬೇರೆ ಆದಷ್ಟು ಒಳ್ಳೆಯದು. ಆದರೆ ತಪ್ಪಿ ಒಂದು ಹೆಣ್ಣು ಸೇರಿಕೊಂಡಿತೋ, ಅಲ್ಲಿಯವರೆಗೆ ಅಣ್ಣತಮ್ಮಂದಿರ ಹಾಗಿದ್ದವರೆಲ್ಲ ದಾಯಾದಿಗಳಾಗುತ್ತಾರೆ.

ಈ ಮೂರರಲ್ಲಿ ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ, ಅದೂ ಸೌಮ್ಯ ಜಾತಿಯ ಯೆಲ್ಲೋ ಲ್ಯಾಬಿನಿಂದ ಶುರು ಮಾಡಿ ಅಂತ. ಆರಾಟಸ್ ಮೀನನ್ನು ಮಾತ್ರ ಮೊದಲ ಟ್ಯಾಂಕಿಗೆ ತರಬೇಡಿ. ಮರಿಯಾಗಿದ್ದಾಗ ಹಳದಿ ಕಪ್ಪು ಪಟ್ಟೆಯಲ್ಲಿ ಎಷ್ಟು ಮುದ್ದಾಗಿರುತ್ತದೋ, ಗಂಡು ದೊಡ್ಡದಾಗಿ ಕಪ್ಪು ತಿರುಗಿದ ಮೇಲೆ ಅಷ್ಟೇ ಕೆಟ್ಟದು.

ದೊಡ್ಡ ಟ್ಯಾಂಕ್ ಅಂದರೆ ಯಾವ ಕಡೆ ದೊಡ್ಡದು?

'ದೊಡ್ಡ ಟ್ಯಾಂಕ್' ಅನ್ನುವ ಸಲಹೆಯಲ್ಲಿ ಲೀಟರ್ ಲೆಕ್ಕ ಮೋಸ ಮಾಡುತ್ತದೆ. ಮೂರಡಿ ಉದ್ದ, ಒಂದಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 170 ಲೀಟರ್ ಹಿಡಿಯುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ್ದರಲ್ಲೂ ಅಷ್ಟೇ ನೀರು. ಆದರೆ ಮೊದಲನೆಯದರ ನೆಲ ಮೂರು ಚದರಡಿ, ಎರಡನೆಯದರದ್ದು ಆರು. ನೆಲಕ್ಕೆ ಗಡಿ ಹಾಕುವ ಸಿಕ್ಲಿಡ್‌ಗೆ ಎರಡನೆಯದು ಎರಡು ಪಟ್ಟು ದೊಡ್ಡ ಊರು. ಎತ್ತರದ ಟ್ಯಾಂಕ್ ಏಂಜೆಲ್ ಮೀನಿಗೆ ಚೆನ್ನ, ಎಂಬೂನಾ ಅಥವಾ ಕನ್ವಿಕ್ಟ್‌ಗೆ ಅದರಿಂದ ಹೆಚ್ಚು ಲಾಭವಿಲ್ಲ.

ದೊಡ್ಡ ಟ್ಯಾಂಕ್ ಎಲ್ಲ ಜಾತಿಗೂ ಒಳ್ಳೆಯದೇ, ಕೆಡುಕು ಮಾಡುವುದಿಲ್ಲ. ಆದರೂ ಅದೊಂದೇ ಮದ್ದಲ್ಲ. ಓಡಿಹೋಗುವ ಮೀನು ಕಣ್ಣಿಗೆ ಮರೆಯಾಗದಿದ್ದರೆ ಆರಡಿ ಟ್ಯಾಂಕಿನಲ್ಲೂ ಅದನ್ನು ಓಡಿಸುತ್ತಲೇ ಇರುತ್ತದೆ. ಓಡಿಸುವವನ ಕಣ್ಣಿಗೆ ಅಡ್ಡ ಬರುವಷ್ಟು ಎತ್ತರಕ್ಕೆ ಕಲ್ಲು ಪೇರಿಸುವುದು ಕೆಲವೊಮ್ಮೆ ಹೊಸ ಟ್ಯಾಂಕಿಗಿಂತ ಜಾಸ್ತಿ ಉಪಯೋಗ.

ಕಲ್ಲಿನ ಮಾತು ಬಂದಿದ್ದಕ್ಕೆ ಎರಡು ವಿಷಯ. ಗುಹೆಗೆ ಎರಡು ಬಾಯಿ ಇರಲಿ. ಒಂದೇ ಬಾಯಿಯ ಗುಹೆ ಬಚ್ಚಿಟ್ಟುಕೊಳ್ಳುವ ಜಾಗ ಅಂತ ನಮಗೆ ಕಾಣುತ್ತದೆ, ಓಡಿ ಬಂದ ಮೀನಿಗೆ ಅದು ಬೋನು. ಇನ್ನೊಂದು, ಕಲ್ಲನ್ನು ಮರಳಿನ ಮೇಲಿಡಬೇಡಿ, ಟ್ಯಾಂಕಿನ ತಳದಲ್ಲಿ ಕೂರಿಸಿ ಆಮೇಲೆ ಮರಳು ಹಾಕಿ. ಈ ಮೀನುಗಳು ರಾತ್ರಿ ಕಳೆಯುವುದರಲ್ಲಿ ಮರಳು ತೋಡಿ ಕಲ್ಲುರಾಶಿಯನ್ನೇ ಬೀಳಿಸುತ್ತವೆ. ಕೆಳಗಿದ್ದದ್ದು ಮೀನಾದರೂ ಕಷ್ಟ, ಗಾಜಾದರೂ ಕಷ್ಟ.

ಜೋಡಿ ಕಟ್ಟುವ ಮೀನುಗಳಿಗೆ: ಖಾಲಿ ಮಾಡುವುದೋ, ಗೋಡೆ ಕಟ್ಟುವುದೋ?

ಕನ್ವಿಕ್ಟ್, ಜ್ಯಾಕ್ ಡೆಂಪ್ಸಿ, ರೆಡ್ ಡೆವಿಲ್‌ನಂಥ ಮಧ್ಯ ಅಮೆರಿಕದ ಮೀನುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಮೊಟ್ಟೆ ಮರಿ ಕಾಯುತ್ತಾರೆ. ಕಲ್ಲಿನ ಮೇಲಿಟ್ಟ ಮೊಟ್ಟೆ ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ. ಮರಿ ಈಜಲು ಶುರು ಮಾಡಿದ ಮೇಲೂ ವಾರಗಟ್ಟಲೆ ಕಾವಲು. ಈ ಹೊತ್ತಿನಲ್ಲಿ ಟ್ಯಾಂಕಿಗೆ ಜಾಸ್ತಿ ಮೀನು ಬಿಡುವುದು ಅಂದರೆ ಕಳ್ಳರನ್ನು ಮನೆಗೆ ಕರೆದ ಹಾಗೆ. ನಾನು ಮಾಡಿದ್ದು ಅದನ್ನೇ ಅಲ್ವಾ.

ಇಲ್ಲಿ ಇರುವ ದಾರಿ ಎರಡು. ಒಂದು, ಜೋಡಿಗೆ ಟ್ಯಾಂಕನ್ನು ಬಿಟ್ಟುಕೊಟ್ಟು ಉಳಿದವರನ್ನು ಬೇರೆ ಕಡೆ ಸಾಗಿಸುವುದು. ಎರಡು, ನಡುವೆ ಡಿವೈಡರ್.

ಮೊದಲನೆಯದು ಸುಲಭವಾಗಿ ಕಾಣುತ್ತದೆ. ಅದರಲ್ಲೊಂದು ಮುಳ್ಳಿದೆ. ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡಿ 1973ರಲ್ಲಿ ನೊಬೆಲ್ ಪಡೆದ ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಝ್ ಸಿಕ್ಲಿಡ್ ಜೋಡಿಗಳಲ್ಲಿ ಇದನ್ನು ಗಮನಿಸಿ ಬರೆದಿದ್ದಾರೆ. ಓಡಿಸಲು ಬೇರೆ ಯಾರೂ ಇಲ್ಲದಿದ್ದಾಗ ಗಂಡು ತನ್ನ ಹೆಣ್ಣಿನ ಮೇಲೇ ತಿರುಗಿಬೀಳುತ್ತದೆ. ಗಾಜಿನ ಆಚೆ ಒಬ್ಬ ನೆರೆಯವನು ಕಾಣಿಸುತ್ತಿದ್ದರೆ ಸಿಟ್ಟೆಲ್ಲ ಅವನ ಮೇಲೆ, ಸಂಸಾರ ಸುಸೂತ್ರ. ಹಾಗಾಗಿ ಜೋಡಿಯನ್ನು ಒಂಟಿಯಾಗಿ ಇಡುವುದಾದರೂ ಪಕ್ಕದಲ್ಲಿ ಇನ್ನೊಂದು ಟ್ಯಾಂಕ್ ಕಾಣುವ ಹಾಗಿದ್ದರೆ ಒಳ್ಳೆಯದು. ಗಾಜಿಗೆ ಮೂತಿ ಒತ್ತಿ ಕಚ್ಚಲು ನೋಡುವ ಗಂಡನ್ನು ಕಂಡು ಪಾಪ ಅನ್ನಿಸಬಹುದು. ಅಷ್ಟು ಹೊತ್ತು ಹೆಣ್ಣಿನ ಮೈ ಉಳಿಯುತ್ತದೆ.

ಇದೇ ಕೆಲಸಕ್ಕೆ ಟ್ಯಾಂಕಿನೊಳಗೇ ಚುರುಕಾದ, ಮೇಲ್ಮಟ್ಟದಲ್ಲಿ ಈಜುವ ಮೀನುಗಳನ್ನು ಬಿಡುವವರೂ ಇದ್ದಾರೆ. ಜಯಂಟ್ ಡೇನಿಯೋ, ಸಿಲ್ವರ್ ಡಾಲರ್, ರೇನ್‌ಬೋ ಮೀನುಗಳು ಇದಕ್ಕೆ ಹೆಸರಾದವು. ಅವು ಸಿಕ್ಕಿಬೀಳುವುದಿಲ್ಲ, ಜೋಡಿಗೆ ಓಡಿಸುವ ಕೆಲಸವೂ ಸಿಗುತ್ತದೆ. ನಾಲ್ಕಡಿಗಿಂತ ಚಿಕ್ಕ ಟ್ಯಾಂಕಿನಲ್ಲಿ ಇದನ್ನು ಮಾಡಬೇಡಿ. ತಳದಲ್ಲಿ ಓಡಾಡುವ ಕೋರಿಡೋರಸ್‌ನಂಥ ಮೀನನ್ನು ಯಾವ ಟ್ಯಾಂಕಿನಲ್ಲೂ ಮರಿ ಕಾಯುವ ಕನ್ವಿಕ್ಟ್ ಜೊತೆ ಬಿಡಬೇಡಿ. ಅದಕ್ಕೆ 'ಇಲ್ಲಿಗೆ ಬರಬಾರದು' ಅನ್ನುವ ಭಾಷೆ ಅರ್ಥವೇ ಆಗುವುದಿಲ್ಲ, ಮತ್ತೆ ಮತ್ತೆ ಮೊಟ್ಟೆಯ ಹತ್ತಿರವೇ ಹೋಗಿ ಕಣ್ಣು ಕಳೆದುಕೊಳ್ಳುತ್ತದೆ.

ಡಿವೈಡರ್ ಹಾಕುವುದನ್ನು ಬಹಳ ಜನ ಸೋಲು ಅಂದುಕೊಳ್ಳುತ್ತಾರೆ. ನಾನೂ ಒಂದು ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ದೊಡ್ಡ ಮಧ್ಯ ಅಮೆರಿಕದ ಜೋಡಿ ಸಾಕುವವರಿಗೆ ಮೊದಲ ದಿನದಿಂದಲೇ ಹಾಕಿ ಅನ್ನುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಹಾಕುವ ಚೌಕಳಿ ಪ್ಲಾಸ್ಟಿಕ್ ಹಾಳೆ ಸಿಕ್ಕರೆ ಅದೇ ಸಾಕು. ನೀರು ಹರಿಯುತ್ತದೆ, ಬೇಕಾದ ಅಳತೆಗೆ ಕತ್ತರಿಸಬಹುದು. ಜಾಣತನ ಏನೆಂದರೆ, ಅದರಲ್ಲಿ ಹೆಣ್ಣು ನುಸುಳುವಷ್ಟು, ಗಂಡು ನುಸುಳಲಾರದಷ್ಟು ಒಂದು ತೂತು ಮಾಡುವುದು. ಈ ಜಾತಿಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಚಿಕ್ಕದು. ಮನಸ್ಸಾದಾಗ ಬರುತ್ತದೆ, ಗಂಡು ರೇಗಿದಾಗ ತನ್ನ ಮನೆಗೆ ಓಡುತ್ತದೆ. ತೂತಿನ ಅಳತೆ ಅಂದಾಜಿನ ಮೇಲೆ ಬಿಡಬೇಡಿ, ಗಂಡಿನ ತಲೆಯ ದಪ್ಪ ನೋಡಿ ಕತ್ತರಿಸಿ. ಡಿವೈಡರ್ ನೀರಿನ ಮೇಲಕ್ಕೂ ಎರಡು ಇಂಚು ಬರಲಿ, ಹಾರಿ ಆಚೆ ಬೀಳುವ ಗಂಡುಗಳಿವೆ. ಹೀಟರ್ ಒಂದು ಕಡೆ, ಫಿಲ್ಟರ್ ಇನ್ನೊಂದು ಕಡೆ ಇಟ್ಟರೆ ನೀರು ಎರಡೂ ಕಡೆ ಓಡಾಡುತ್ತದೆ.

ಕಾಣದ ಗೋಡೆಯೋ, ಕಾಣುವ ಗೋಡೆಯೋ ಅಂತ ಕೇಳುತ್ತಾರೆ. ಮೇಲೆ ಹೇಳಿದ ಜೋಡಿಗೆ ಕಾಣುವುದೇ ಬೇಕು. ಎರಡು ಗಂಡು ಬಿಡಿಸಿಟ್ಟಿದ್ದರೆ, ಏಟು ತಿಂದವನು ಚೇತರಿಸಿಕೊಳ್ಳುವ ತನಕ ಕಾಣದಿರುವುದು ಒಳ್ಳೆಯದು. ಕಣ್ಣೆದುರು ಶತ್ರು ನಿಂತಿದ್ದರೆ ಅವನು ಊಟವನ್ನೇ ಮುಟ್ಟುವುದಿಲ್ಲ.

ಪುಂಡನನ್ನು ತೆಗೆದರೆ ಮುಗಿಯಿತಾ?

ಟಾಂಗನಿಕಾ ಸರೋವರದ ಕಡೆಯ ಬರ್ಟೋನಿ ಎಂಬ ಸಿಕ್ಲಿಡ್‌ನ ಮೇಲೆ ಬಹಳ ಸಂಶೋಧನೆ ನಡೆದಿದೆ. ಅದರಲ್ಲಿ ಯಜಮಾನ ಗಂಡಿಗೆ ಮಾತ್ರ ಬಣ್ಣ, ಉಳಿದ ಗಂಡುಗಳು ಹೆಣ್ಣಿನ ಹಾಗೆ ಮಂಕು. ಯಜಮಾನನನ್ನು ತೆಗೆದರೆ, ಅಲ್ಲಿಯವರೆಗೆ ಮಂಕಾಗಿದ್ದವನೊಬ್ಬ ಕೆಲವೇ ನಿಮಿಷದಲ್ಲಿ ಬಣ್ಣ ಏರಿಸಿಕೊಂಡು ಓಡಿಸಲು ಶುರು ಮಾಡುತ್ತಾನೆ. ನಮ್ಮ ಟ್ಯಾಂಕುಗಳಲ್ಲೂ ಇದೇ ಕತೆ. ನಾನೊಮ್ಮೆ ಕೆನ್ಯಿ ಗಂಡೊಂದನ್ನು ತೆಗೆದು ನೆಮ್ಮದಿಯಾಗಿ ಟೀ ಕುಡಿಯಲು ಕೂತೆ. ಲೋಟ ಖಾಲಿಯಾಗುವ ಮುಂಚೆ, ಯಾವತ್ತೂ ಬಾಯಿ ಬಿಡದ ಇನ್ನೊಂದು ಗಂಡು ಅದೇ ಕಲ್ಲಿನ ಮುಂದೆ ರೆಕ್ಕೆ ಬಿಚ್ಚಿ ನಿಂತಿತ್ತು.

ಆದ್ದರಿಂದ ಶಾಶ್ವತವಾಗಿ ಕೊಟ್ಟುಬಿಡುವುದಕ್ಕಿಂತ ಮೊದಲು 'ಅಜ್ಞಾತವಾಸ' ಮಾಡಿಸಿ ನೋಡಿ. ಪುಂಡನನ್ನು ಒಂದೆರಡು ವಾರ ಬೇರೆ ಟ್ಯಾಂಕಿನಲ್ಲಿಡಿ. ಅಷ್ಟರಲ್ಲಿ ಉಳಿದವರು ಜಾಗ ಹಂಚಿಕೊಂಡಿರುತ್ತಾರೆ. ಆಮೇಲೆ ಕಲ್ಲುಗಳ ಜಾಗ ಬದಲಿಸಿ, ರಾತ್ರಿ ಲೈಟ್ ಆರಿಸಿದ ಮೇಲೆ ವಾಪಸ್ ಬಿಡಿ. ಮೀನುಗಳಲ್ಲಿ ಮೊದಲೇ ಇದ್ದವನಿಗೆ ಬಲ ಜಾಸ್ತಿ. ಈಗ ಅವನು ಬಂದವನು, ಅವರು ಇದ್ದವರು. ಎರಡು ಸಲ ಹೀಗೆ ಮಾಡಿದ ಮೇಲೂ ಒಂದು ವಾರದೊಳಗೆ ಹಳೇ ಚಾಳಿಗೆ ಬಂದರೆ ಅವನು ಆ ಟ್ಯಾಂಕಿಗೆ ಆಗಿಬರುವ ಮೀನಲ್ಲ, ಕೊಟ್ಟುಬಿಡಿ.

ಬರೀ ಕಲ್ಲು ಬದಲಿಸುವುದು ಬಿಟ್ಟಿ ಉಪಾಯ, ಅದಕ್ಕೇ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ. ಹೊಸ ಮೀನು ಬಿಡುವ ದಿನ ಮಾಡಿದರೆ ಉಪಯೋಗ ಇದೆ, ಗಡಿಗಳೆಲ್ಲ ಅಳಿಸಿ ಎಲ್ಲರೂ ಹೊಸಬರಾಗುತ್ತಾರೆ. ಹಳೇ ಜಗಳಕ್ಕೆ ಮಾಡಿದರೆ ಕೆಲವು ದಿನದ ಶಾಂತಿ ಅಷ್ಟೇ. ಮೊಟ್ಟೆ ಇರುವಾಗಲಂತೂ ಕೈ ಹಾಕಲೇಬೇಡಿ.

ಚಿಕ್ಕವರು, ಒಂಟಿಗರು

ಅಪಿಸ್ಟೋಗ್ರಾಮ, ರಾಮ್‌ನಂಥ ಪುಟ್ಟ ಸಿಕ್ಲಿಡ್‌ಗಳಲ್ಲಿ ಜಗಳ ಅಂಗೈ ಅಗಲದ ಜಾಗಕ್ಕೆ. ಗಿಡ, ಕೊರಡು, ಒಣಗಿದ ಎಲೆ ಹಾಕಿ ನೋಟಕ್ಕೆ ಮರೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಒಂದು ಎಚ್ಚರ: ಮರಿ ಕಾಯುವ ಅಪಿಸ್ಟೋ ಹೆಣ್ಣು ಹಳದಿಗೆ ತಿರುಗಿ, ತನಗಿಂತ ದೊಡ್ಡ ಗಂಡನ್ನೇ ಅಟ್ಟಾಡಿಸುತ್ತದೆ. ಎರಡಡಿ ಟ್ಯಾಂಕಿನಲ್ಲಿ ಆಗ ತೆಗೆಯಬೇಕಾದ್ದು ಗಂಡನ್ನು. ಏಂಜೆಲ್ ಮರಿ ಆರು ತಂದವರು ಜೋಡಿ ಕಟ್ಟಿದ ದಿನ ಉಳಿದ ನಾಲ್ಕಕ್ಕೆ ಬೇರೆ ಟ್ಯಾಂಕ್ ತಯಾರಿಟ್ಟಿರಿ.

ಫ್ಲವರ್‌ಹಾರ್ನ್‌ಗೆ ಒಂದೇ ಉತ್ತರ: ಒಂದು ಟ್ಯಾಂಕ್, ಒಂದು ಮೀನು. ಹೋಲಿಕೆಗೆ ಬೇರೆ ಆಯ್ಕೆ ಇಲ್ಲ. ಆಸ್ಕರ್ ಅಷ್ಟು ಕೆಟ್ಟದಲ್ಲ, ಆದರೆ ಒಂದಡಿ ಉದ್ದ ಬೆಳೆಯುವ ಮೀನನ್ನು ಮೂರಡಿ ಟ್ಯಾಂಕಿನಲ್ಲಿಟ್ಟು 'ಜಗಳಗಂಟ' ಅನ್ನುವುದು ಯಾವ ನ್ಯಾಯ?

ಉಷ್ಣತೆ, ಊಟ, ಬೆಳಕು

ಇವು ಒಗ್ಗರಣೆ, ಅಡುಗೆ ಅಲ್ಲ. ನೀರು 28 ಡಿಗ್ರಿ ಇದ್ದದ್ದನ್ನು ಮೆಲ್ಲಗೆ 25ಕ್ಕೆ ಇಳಿಸಿದರೆ ಎಂಬೂನಾಗಳ ರಭಸ ಸ್ವಲ್ಪ ಇಳಿಯುತ್ತದೆ, ಬೆಚ್ಚನೆಯ ನೀರು ಬೇಕಾದ ಡಿಸ್ಕಸ್ ಎಂಬ ಸಿಕ್ಲಿಡ್‌ಗೆ ಇದನ್ನು ಮಾಡಬಾರದು. ಊಟವನ್ನು ಒಂದೇ ಮೂಲೆಗೆ ಸುರಿಯದೆ ಉದ್ದಕ್ಕೂ ಚೆಲ್ಲಿದರೆ ಸೋತ ಮೀನಿಗೂ ಎರಡು ತುತ್ತು ಸಿಗುತ್ತದೆ. ಜಗಳ ಹಸಿವಿನಿಂದ ಅಂದುಕೊಂಡು ಎಂಬೂನಾಗೆ ಹುಳ, ಮಾಂಸದ ಊಟ ಜಾಸ್ತಿ ಮಾಡಬೇಡಿ. ಪಾಚಿ ತಿನ್ನುವ ಹೊಟ್ಟೆ ಅದು, ಉಬ್ಬಿಕೊಳ್ಳುತ್ತದೆ.

ಇವತ್ತೇ ರಕ್ತಪಾತ ಆಗಿದ್ದರೆ

ಯೋಚನೆ ನಾಳೆ ಮಾಡಿ, ಇವತ್ತು ಬಿಡಿಸಿ. ಗಾಯ ಆದವನನ್ನು ಅದೇ ಟ್ಯಾಂಕಿನ ನೀರಿರುವ ಬೇರೆ ತೊಟ್ಟಿಗೆ ತೆಗೆಯಿರಿ. ಏರ್‌ಸ್ಟೋನ್, ಹೀಟರ್, ಒಂದು ಪೈಪಿನ ತುಂಡು, ಮೇಲೊಂದು ಬಟ್ಟೆ ಇಷ್ಟಿದ್ದರೆ ಸಾಕು. ದಿನಾ ಸ್ವಲ್ಪ ನೀರು ಬದಲಿಸಿ. ಶುದ್ಧ ನೀರಿನಲ್ಲಿ ಹರಿದ ರೆಕ್ಕೆ ತಾನಾಗೇ ಬೆಳೆಯುತ್ತದೆ. ಗಾಯದ ಮೇಲೆ ಹತ್ತಿಯ ಹಾಗೆ ಬಿಳಿ ಬೆಳೆದರೆ ಮಾತ್ರ ಔಷಧಿಯ ಮಾತು.

ರೆಕ್ಕೆ ಬೆಳೆಯಿತು ಅಂತ ಅವಸರದಲ್ಲಿ ವಾಪಸ್ ಬಿಡುವುದು ನಾವೆಲ್ಲ ಮಾಡುವ ತಪ್ಪು. ಕೈ ತೋರಿಸಿದರೆ ಪೈಪಿನಿಂದ ಹೊರಗೆ ಬಂದು ಊಟ ಕೇಳುವ ತನಕ ಕಾಯಿರಿ. ಬಿಡುವ ದಿನ ಹೊಡೆದವನನ್ನು ಅದೇ ತೊಟ್ಟಿಗೆ ಹಾಕಿ, ಟ್ಯಾಂಕನ್ನು ಒಂದು ವಾರ ಇವನಿಗೆ ಬಿಟ್ಟುಕೊಡಿ.